ಸೊಸೆಯ ಮೊದಲ ಮಾತು

ತುಂಬಿದ ಎರಡು ಮರದ ಕೊಡಗಳ ಅಡ್ಡೆಯನ್ನು ಹೆಗಲ ಮೇಲೆ ಹೊತ್ತು ಸುರಂಗದ ಮೆಟ್ಟಿಲೇರಿ ಬಂದ ಸಿಲುಬಿಕೆ ಬಾಗಿಲ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಈಚೆ ಬಾಮ್ಮ, ನೀನೇ ಕೊನೆಯವಳು," ಎಂದ ಬಾಗಿಲು ಕಾಯುತ್ತಿದ್ದ ಅವಳ ಮಾವ ಬೈಬುಲಾತ್. ಅವನ ಹಿಂದೆ ಕಲ್ಲಿನ ರಾಶಿ ಸಿದ್ಧವಾಗಿತ್ತು. ಕೋಟೆಯ ಅಡಿಯಿಂದ ನದಿಯಂಚಿನ ಒರತೆಗೆ ಇಳಿಯುವ ಆ ಸುರಂಗದ ಸುಳಿವು ಮಾಸ್ಕೋದ ಸೈನ್ಯಕ್ಕೆ ಸಿಕ್ಕಿರಬಹುದೆಂಬ ಗುಮಾನಿಯಿತ್ತು. ಕೂಡಲೇ ಮುಚ್ಚಬೇಕೆಂದು ಆಜ್ಞೆಯಾಗಿತ್ತು. ಕಜಾನ್ ಕೋಟೆಗೆ ಮುತ್ತಿಗೆ ಬಿದ್ದು ಅಂದಿಗೆ ಹನ್ನೊಂದು ದಿನ. ಸಿಲುಬಿಕೆ ಆ ಮನೆಗೆ ಸೊಸೆಯಾಗಿ ಬಂದು ಹನ್ನೆರಡು.

ಕೆಳಗೆ ಕಂಡದ್ದನ್ನು ಕೂಡಲೇ ಹೇಳಿಬಿಡುವ ತವಕ ಅವಳಿಗೆ. ಆದರೆ ಗಂಡನ ಮನೆಯ ಹಿರಿಯ ಗಂಡಸರ ಮುಂದೆ ಹೊಸ ಸೊಸೆ ಬಾಯಿ ಬಿಡುವಂತಿಲ್ಲ. ಅವರಲ್ಲಿ ಒಬ್ಬೊಬ್ಬರೂ ತಾವಾಗಿಯೇ ಒಂದು ಉಡುಗೊರೆ ಕೈಗಿಟ್ಟು ಅವಳ ನಾಲಿಗೆ ಬಿಡಿಸಬೇಕು. ಕುರಿಯೋ ಹಸುವೋ, ಅವರವರ ಯೋಗ್ಯತೆ. ಬೈಬುಲಾತನಿಗಿದ್ದ ಒಂದೇ ಹಸು ಮುತ್ತಿಗೆಯ ಮೂರನೇ ದಿನವೇ ಗೋಡೆ ಕಾಯುವವರ ಹೊಟ್ಟೆ ಸೇರಿತ್ತು. ಬರಿಗೈಯಾದ ಮನುಷ್ಯ ನಾಚಿಕೊಂಡು ಸೊಸೆಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಈಗ ಅವಳು ತಾನಾಗಿ ಮಾತಾಡಿದರೆ, ಸೊಸೆಯ ನಾಲಿಗೆ ಬಿಡಿಸಲೂ ಗತಿಯಿಲ್ಲದ ಮನೆ ಎಂದು ಕೇರಿಯವರು ಅವನನ್ನು ಸಾಯುವವರೆಗೂ ಆಡಿಕೊಳ್ಳುತ್ತಾರೆ. ತವರಿನಲ್ಲಿ ಬಾಯಿಬಡುಕಿ ಎನಿಸಿಕೊಂಡವಳಿಗೆ ಮಾತು ನುಂಗುವುದು ಕಷ್ಟವೇ. ಆ ಒಳ್ಳೆಯ ಮನುಷ್ಯನ ತಲೆ ತಗ್ಗಿಸುವುದು ಇನ್ನೂ ಕಷ್ಟವೆನಿಸಿತು.

ಅಡ್ಡೆ ಇಳಿಸಿ, ಹೊರಗಿನ ಕಡೆ ಕೈ ತೋರಿಸಿ, ಎರಡೂ ಅಂಗೈ ಕೊಡವಿದಳು.

"ನೀರು ಖಾಲಿಯಾಯ್ತಾ? ಕೊಡ ತುಂಬಿದೆಯಲ್ಲಮ್ಮ!"

ತಲೆಯಲ್ಲಾಡಿಸಿ, ಎರಡು ಬೆರಳುಗಳನ್ನು ಅಂಗೈ ಮೇಲೆ ಪಟಪಟ ಓಡಿಸಿದಳು.

"ಏನು, ಇಲಿಯಾ?"

ಕಲ್ಲೆತ್ತಲು ನಿಂತಿದ್ದವರು ಗೊಳ್ಳೆಂದು ನಕ್ಕರು. "ಬಾಯಿ ಬಿಟ್ಟು ಹೇಳು ಮಗಳೇ, ಹೊತ್ತಾಗ್ತಿದೆ!" ಎಂದ ಬೈಬುಲಾತ್. ಅವಳು ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ಅವನನ್ನೇ ನೋಡಿದಳು. ಆಗ ಅವನಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು. ನಡುಪಟ್ಟಿ ತಡಕಿದ, ಕತ್ತಿ ಅವನದಲ್ಲ, ಕೋಟೆಯದು. ಮೈಮೇಲಿನ ಅಂಗಿ ತೂತುಬಿದ್ದಿತ್ತು. ಕೊನೆಗೆ ಬಲ ಹೆಬ್ಬೆರಳಿನಿಂದ ಕೊಂಬಿನ ಉಂಗುರವನ್ನು ಕಳಚಿದ. ಬಿಲ್ಲಿನ ಹೆದೆ ಎಳೆಯಲು ಹಾಕುವ ಉಂಗುರ ಅದು, ಅವನಪ್ಪ ಕೊಟ್ಟದ್ದು.

"ತಗೋ. ನಂದು ಅಂತ ಇರೋದು ಇದೊಂದೇ. ಮಾತಾಡಮ್ಮ."

ಸಿಲುಬಿಕೆ ಅದನ್ನು ತನ್ನ ಹೆಬ್ಬೆರಳಿಗೆ ತೊಟ್ಟುಕೊಂಡಳು.

"ನಿಮಗಿನ್ನು ಇದು ಬೇಕಾಗಲ್ಲ ಮಾವ. ಮಾಸ್ಕೋದವರು ಹೋಗ್ತಿದಾರೆ!"

ಆಮೇಲೆ ಅವಳನ್ನು ತಡೆಯುವವರೇ ಇಲ್ಲ. "ಒರತೆ ಹತ್ರ ಕಿಂಡಿ ಇದೆಯಲ್ಲ, ಅಲ್ಲಿಂದ ನೋಡ್ದೆ. ಮೇಲೆ ಗೋಪುರಕ್ಕೆ ಮಂಜು ಕವಿದಿದೆ, ಕೆಳಗೆ ನೀರಿನ ಮಟ್ಟದಲ್ಲಿ ಎಲ್ಲಾ ಕಾಣುತ್ತೆ. ಡೇರೆ ಒಂದೂ ಇಲ್ಲ! ಈ ಮಳೆಗೆ ಅವರ ತೋಪಿನ ಮದ್ದೆಲ್ಲ ಅಂಬಲಿ ಆಗಿರ್ಬೇಕು. ಇದಿಲ್ ನದಿ ಮೇಲಿನ ಮಂಜುಗಡ್ಡೆ ಒಡೆಯೋಕೆ ಮುಂಚೆ ದಾಟ್ಬೇಕಲ್ಲ, ಬೂಟು ಕೊರಳಿಗೆ ನೇತಾಕ್ಕೊಂಡು ಓಡ್ತಿದಾರೆ. ಗೋಡೆ ಕಾಯ್ತಿರೋ ನಿಮ್ಮ ಮಗ ಇವತ್ತು ಮನೇಲಿ ಊಟ ಮಾಡ್ತಾರೆ ಮಾವ!"

ಬೈಬುಲಾತ್ ನಗುತ್ತ ಅಳುತ್ತ ಅವಳ ಕೊಡವೊಂದನ್ನೆತ್ತಿ ತಣ್ಣೀರನ್ನು ತನ್ನ ತಲೆಗೇ ಸುರಿದುಕೊಂಡ. ಕಲ್ಲು ಹಿಡಿದವರು ಕಲ್ಲು ಬಿಟ್ಟು ಕುಣಿದರು.

ಗದ್ದಲ ಕೇಳಿ ಉರಾಜ್ ಬಂದ. ಬೈಬುಲಾತನ ಅಣ್ಣ; ಆ ಕಡೆಯ ಗೋಡೆಯೆಲ್ಲ ಅವನ ಸುಪರ್ದಿಯಲ್ಲಿತ್ತು. ಸುದ್ದಿ ಕೇಳಿ ಅವನ ಹುಬ್ಬು ಗಂಟಾಯಿತು.

"ಹೋದ್ರಂತೆ! ನಾವು ಹುಡುಗರಾಗಿದ್ದಾಗ ಅವರಿಗೇನು ಮಾಡಿದ್ವಿ, ಮರೆತ್ಯಾ? ಸಂತೆ ಬಯಲಲ್ಲಿ ಮಾಂಸ, ಮದ್ಯ ಎಲ್ಲಾ ಬಿಟ್ಟು ಓಡಿದಂಗೆ ಮಾಡಿ, ಅವರು ಕುಡಿದು ಬಿದ್ಮೇಲೆ ಹೋಗಿ ಬಡಿದ್ವಿ. ಐದು ಮುತ್ತಿಗೆ ಕಂಡಿದೀನಿ ಕಣೋ. ಈಗ ನಮ್ಮ ಪಾಠ ನಮಗೇ ಒಪ್ಪಿಸ್ತಿದಾರೆ. ಹಾಕ್ರೋ ಕಲ್ಲು!"

"ಅಣ್ಣಾ, ಕಣ್ಣಾರೆ ನೋಡಿದೋರಿದಾರೆ."

"ಯಾರದು? ಅವರ ಬಾಯಿಂದಲೇ ಕೇಳ್ಬೇಕು ನಾನು."

ಎಲ್ಲರೂ ಸಿಲುಬಿಕೆಯತ್ತ ತಿರುಗಿದರು. ಅಷ್ಟು ಹೊತ್ತು ಅರಳು ಹುರಿದಂತೆ ಮಾತಾಡುತ್ತಿದ್ದವಳು ತಟ್ಟನೆ ಮುಸುಕೆಳೆದು ಬಾಯಿ ಮುಚ್ಚಿಕೊಂಡಳು.

"ಅವಳು ನಿಂಗೂ ಸೊಸೆನೇ ಅಲ್ವಾ," ಎಂದ ಬೈಬುಲಾತ್, ನೀರಿಳಿಯುತ್ತಿದ್ದ ಮುಖದ ತುಂಬ ನಗು. "ನಾನು ಕೊಟ್ಟಾಯ್ತಪ್ಪ. ನಿನ್ನ ಹತ್ರ ಏನಿದೆ ನೋಡ್ಕೋ."

ಗದರಲು ಬಾಯಿ ತೆರೆದ ಉರಾಜ್ ಮುಸುಕಿನ ಮೇಲಿಂದ ನಗುತ್ತಿದ್ದ ಆ ಕಣ್ಣುಗಳನ್ನು ಕಂಡು ಗದರುವುದನ್ನು ಬಿಟ್ಟ. ಜೇಬು ತಡಕಿದ, ನಡು ತಡಕಿದ, ಏನೂ ಸಿಗಲಿಲ್ಲ. ಕೊನೆಗೆ ನಿಧಾನವಾಗಿ ಗದ್ದದ ಕೆಳಗಿನ ಪಟ್ಟಿ ಬಿಚ್ಚಿದ. ಹನ್ನೊಂದು ದಿನ ನಿದ್ದೆಯಲ್ಲೂ ತೆಗೆಯದ ಉಕ್ಕಿನ ಶಿರಸ್ತ್ರಾಣ ಇಳಿಯಿತು. ನರೆಗೂದಲಿನಿಂದ ಮಳೆಯೊಳಕ್ಕೆ ಬಿಸಿ ಹಬೆ ಎದ್ದಿತು. ಸಿಲುಬಿಕೆ ಎರಡೂ ಕೈ ಒಡ್ಡಿದಳು.