ಒಂದೊಂದು ಹನಿ

ಪಿಯಾನೋದ ಎದುರಿನ ಹಲಗೆ ತೆಗೆದದ್ದೇ ತಡ, ಹಳಸಿದ ಕೊಬ್ಬರಿ ಎಣ್ಣೆಯ ವಾಸನೆ ಸಾಯಿನಾಥನ ಮೂಗಿಗೆ ಬಡಿಯಿತು. ಬಿಣಗಾದಲ್ಲಿ ಇಪ್ಪತ್ತು ವರ್ಷದಿಂದ ಹಾರ್ಮೋನಿಯಂ, ಪಿಯಾನೋ ರಿಪೇರಿ ಮಾಡುತ್ತಿದ್ದವನು ಅವನು. ಪಿಯಾನೋದೊಳಗೆ ಇಲಿ ಮರಿ ಹಾಕಿದ್ದನ್ನು ಕಂಡಿದ್ದ, ಗೆದ್ದಲು ಹಿಡಿದದ್ದನ್ನೂ ಕಂಡಿದ್ದ. ಎಣ್ಣೆಸ್ನಾನ ಮಾಡಿದ ಪಿಯಾನೋ ಮಾತ್ರ ಇದೇ ಮೊದಲು.

"ಪೆಟ್ಟಿಗೆಗೆ ಏನೂ ಆಗ್ಲಿಲ್ಲ ಮಾರಾಯಾ," ಎಂದರು ಮನೆಯ ಯಜಮಾನ, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಹರಿಶ್ಚಂದ್ರ. "ಇವಳ ಬೆರಳಿಗೇ ಜೀವ ಇಲ್ಲ. ಮಡಗಾಂವ್ ಪಿಯಾನೋ ಪರೀಕ್ಷೆಲಿ ಎರಡು ಸಲ ನಪಾಸು. ಬರೂ ವಾರ ಕಡೇ ಸಲ. ಬಿದ್ಲು ಅಂದ್ರೆ ಇದನ್ನ ಮಾರೂದೆ, ಕ್ಲಾಸೂ ಬಂದ್. ಮಾರೂಕೆ ಮುಂಚೆ ಒಂದ್ಸಲ ತೋರ್ಸುವಾ ಅಂತ ನಿನ್ನ ಕರ್ದದ್ದು."

ಮಗಳು ಪ್ರೇಕ್ಷಾ ಬಾಗಿಲ ಹತ್ತಿರ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಟೀಚರು ಎಂತ ಹೇಳ್ತ್ರು ತಂಗಿ?" ಸಾಯಿನಾಥ ಕೇಳಿದ.

"ಭತ್ತ ಕುಟ್ಟಿದ ಹಾಗೆ ಬಾರಿಸ್ತೆ ಅಂತ್ರು."

ಸಾಯಿನಾಥ ಪಿಯಾನೋದ ನಡುವಿನ ಒಂದು ಕೀ ಒತ್ತಿದ. ಒಳಗಿನ ಪುಟ್ಟ ಸುತ್ತಿಗೆ ಮೆಲ್ಲಗೆ ಎದ್ದು, ತಂತಿಗೆ ತಾಗಿ, ಅಲ್ಲೇ ಒರಗಿ ನಿಂತಿತು. ಬಲವಾಗಿ ಕುಟ್ಟಿ ಕುಟ್ಟಿ ಸುತ್ತಿಗೆಗಳ ಉಣ್ಣೆ ಸವೆದು ತಂತಿಯ ಗೆರೆ ಬಿದ್ದಿತ್ತು. ಕುಟ್ಟದೆ ಆ ಹುಡುಗಿ ಇನ್ನೇನು ಮಾಡಬೇಕಿತ್ತು?

"ಇದಕ್ಕೆ ಎಣ್ಣೆ ಹಾಕ್ದವರು ಯಾರು ಸರ್?"

"ನಾನೇ," ಹರಿಶ್ಚಂದ್ರರ ಎದೆ ಉಬ್ಬಿತು. "ವರ್ಷಾ ವರ್ಷಾ ಆಯುಧ ಪೂಜೆಗೆ. ಸ್ಕೂಟರಿಗೆ, ಕತ್ತಿಗೆ, ಇದಕ್ಕೆ. ಹೂ, ಕುಂಕುಮ, ಕೀಲು ಕೀಲಿಗೂ ಒಂದೊಂದು ಹನಿ. ಎಂಟು ವರ್ಷದಲ್ಲಿ ಒಂದು ವರ್ಷನೂ ತಪ್ಪಸ್ಲಿಲ್ಲ."

ಶ್ರದ್ಧೆ ಅಂದರೆ ಹೀಗಿರಬೇಕು. ಎಂಬತ್ತೆಂಟು ಸುತ್ತಿಗೆಗಳಲ್ಲಿ ಒಂದರ ಕೀಲನ್ನೂ ಪುಣ್ಯಾತ್ಮ ಬಿಟ್ಟಿರಲಿಲ್ಲ.

"ಕೀಲಿನ ಒಳಗೆ ಉಣ್ಣೆ ಬಟ್ಟೆ ಇರ್ತದೆ ಸರ್. ಎಣ್ಣೆ ಕುಡ್ದು ಉಬ್ಬಿ ಕೂತಿದೆ. ಬೆರಳಿಗೆ ಜೀವ ಇಲ್ದೆ ಅಲ್ಲ, ಈ ಸುತ್ತಿಗೆಗೇ ಸರೀ ಏಳೂಕೆ ಬರೂದಿಲ್ಲ."

"ಕೊಬ್ರಿ ಎಣ್ಣೆಯಿಂದ ಏನಾದ್ರೂ ಹಾಳಾಗ್ತದಾ? ಶುದ್ಧ ಗಾಣದ್ದು ಅದು, ಅಂಕೋಲೆಯಿಂದ ತರ್ಸೂದು."

ವಾದ ಮಾಡಿ ಪ್ರಯೋಜನವಿರಲಿಲ್ಲ. ಸಾಯಿನಾಥ ಸುತ್ತಿಗೆಗಳ ಚೌಕಟ್ಟನ್ನು ಇಡಿಯಾಗಿ ಬಿಚ್ಚಿ ರಿಕ್ಷಾದಲ್ಲಿ ಬಿಣಗಾಕ್ಕೆ ಒಯ್ದ. ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕೀಲುಗಳ ಬಟ್ಟೆ ಕಿತ್ತು ಹೊಸದು ಅಂಟಿಸಿದ, ಅವುಗಳ ಸೂಜಿಯಂಥ ಪಿನ್ನು ಬದಲಿಸಿದ, ಸವೆದ ಉಣ್ಣೆಯನ್ನು ಉಜ್ಜಿ ಮತ್ತೆ ದುಂಡಗೆ ಮಾಡಿದ. ಐದನೆಯ ದಿನ ತಂದು ಕೂಡಿಸಿದ.

ಪ್ರೇಕ್ಷಾ ಹೆದರುತ್ತಲೇ ಕೂತಳು. ರೂಢಿಯಂತೆ ಕುಟ್ಟಿದಳು, ಸದ್ದಿಗೆ ತಾನೇ ಬೆಚ್ಚಿ ಕೈ ಹಿಂದೆಗೆದಳು. ಮತ್ತೆ ಮೆಲ್ಲಗೆ ಮುಟ್ಟಿದಳು. ಮುಟ್ಟಿದಷ್ಟೇ ನುಡಿಯಿತು. ಬೆರಳುಗಳು ಒಂದರ ಹಿಂದೆ ಒಂದು ಓಡತೊಡಗಿದವು. ಸಾಯಿನಾಥನಿಗೆ ನಾಲ್ಕು ದಿನದ ಸುಸ್ತು ಇಳಿದಂತಾಯಿತು.

ಹರಿಶ್ಚಂದ್ರ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು. ನಡುವೆ ಒಂದು ಸ್ವರ ಜಾರಿತು.

"ಕಂಡ್ಯಾ? ಮತ್ತೆ ತಪ್ಪಿದ್ಳು."

ಪ್ರೇಕ್ಷಾ ಕೈ ನಿಲ್ಲಿಸಿ ತಿರುಗಿದಳು. ಅವಳು ನಕ್ಕದ್ದನ್ನು ಸಾಯಿನಾಥ ಆವತ್ತೇ ಮೊದಲು ನೋಡಿದ್ದು.

"ಹೌದು ಪಪ್ಪಾ," ಎಂದಳು. "ಇದೊಂದು ನಂದು."