ಹೊಸ ಮನೆಯ ಹಾಲು

ಎರಡು ತಿಂಗಳಿಂದ ಮಂಕಾಗಿದ್ದ ಹೆಂಡತಿ ಊರು ಬದಲಾದರೆ ಸರಿಹೋದಾಳೆಂದು ಅವನು ಆಸ್ಟ್ರೇಲಿಯಾದ ಒಳನಾಡಿನ ಗಣಿ ಊರೊಂದರಲ್ಲಿ ಕೆಲಸ ಒಪ್ಪಿಕೊಂಡ. ಅವಳನ್ನೂ ಪುಟ್ಟ ಮಗಳನ್ನೂ ಕೂರಿಸಿಕೊಂಡು ಎರಡು ದಿನ ಕೆಂಪು ಧೂಳಿನಲ್ಲಿ ಕಾರು ಓಡಿಸಿದ. ಆ ಊರಿಗೆ ಇದ್ದದ್ದು ಒಂದೇ ಅಂಗಡಿ. ಹಾಲಿನ ಲಾರಿ ಬರುವುದು ಗುರುವಾರವಂತೆ.

“ಹಾಲುಕ್ಕಿಸೋದು ಗುರುವಾರ ಇಟ್ಕೊಳ್ಳೋಣ ಬಿಡು,” ಎಂದ.

ಅವಳು ದಾರಿಯುದ್ದಕ್ಕೂ ತೊಡೆಯಿಂದ ಇಳಿಸದಿದ್ದ ಐಸ್ ಡಬ್ಬಿಯನ್ನು ತೆರೆದಳು. ಪುಟ್ಟ ಸೀಸೆಯ ಹಾಲನ್ನು ಪಾತ್ರೆಗೆ ಸುರಿದು ಹೊಸ ಮನೆಯ ಒಲೆಗಿಟ್ಟಳು.

ಅವನಿಗೆ ರೇಗಿತು. “ಮಗಳು ದಾರೀಲಿ ಹಾಲು ಬೇಕು ಅಂತ ಅಷ್ಟು ಅತ್ಲು. ಆಗ ಯಾಕೆ ಕೊಡ್ಲಿಲ್ಲ?”

“ಇದು ಅವಳದಲ್ಲ ರೀ,” ಅವಳು ಉರಿ ಸಣ್ಣ ಮಾಡಿದಳು. “ಅವಳ ತಮ್ಮನಿಗೆ ಅಂತ ಆಸ್ಪತ್ರೇಲಿ ಹಿಂಡಿಟ್ಟಿದ್ದು, ಅವನು ಹೋದ ದಿನ ಬೆಳಿಗ್ಗೆ.”