ಎಲೆಕೋಸಿನ ಸಾಕ್ಷಿ

ಲೈಸೆನ್ಸಿಲ್ಲದೆ ಹೊಗೆಸೊಪ್ಪು ಮಾರಿದರೆ ಆರು ತಿಂಗಳು ಜೈಲು ಎಂಬ ಕಾಲ ಅದು. ಸುಂಕದ ಇನ್ಸ್‌ಪೆಕ್ಟರು ಅಂಗಡಿ ಬಾಗಿಲಲ್ಲಿ ನಿಂತಾಗ ಚುಟ್ಟಾ ವ್ಯಾಪಾರಿ ಪುಟ್ಟೋಜಿಯ ಜೀವ ಬಾಯಿಗೆ ಬಂತು.

“ಎಲ್ಲಯ್ಯಾ ಲೈಸೆನ್ಸು?”

ಮಾನ ಹೋದರೂ ಸರಿ, ಜೈಲು ಬೇಡವೆಂದು ಪುಟ್ಟೋಜಿ ಕೈಮುಗಿದ. “ಹೊಗೆಸೊಪ್ಪಿದ್ರೆ ತಾನೇ ಸ್ವಾಮಿ ಲೈಸೆನ್ಸು? ನಂದು ಬರೀ ಮೋಸದ ಮಾಲು. ಬಿಚ್ಚಿ ನೋಡಿ ಬೇಕಾದ್ರೆ.”

ಇನ್ಸ್‌ಪೆಕ್ಟರು ಪೆಟ್ಟಿಗೆಯಿಂದ ಹತ್ತು ಚುಟ್ಟಾ ತೆಗೆದು ಸೀಳಿದರು. ಒಣಗಿದ ಎಲೆಕೋಸು, ಪರಂಗಿ ಎಲೆ, ಬೆಲ್ಲದ ನೀರಲ್ಲಿ ಅದ್ದಿದ ಕಂದು ಕಾಗದ.

“ಥೂ! ಇದನ್ನ ಜನ ಸೇದ್ತಾರೇನಯ್ಯಾ?”

“ಸೇದೋದಲ್ದೆ ‘ಆಹಾಹಾ, ಏನ್ ಘಮ ಕಣೋ ಪುಟ್ಟೋಜಿ!’ ಅಂತ ಮೀಸೆ ಬೇರೆ ತೀಡ್ತಾರೆ,” ಎಂದು ಪುಟ್ಟೋಜಿ ಊರ ಶಾನುಭೋಗರ ಮೂಗುದನಿಯನ್ನೇ ತೆಗೆದ.

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇಸಿಲ್ಲವೆಂದು ಪುಸ್ತಕ ಮುಚ್ಚಿದರು.

ಬದುಕಿದೆನೆಂಬ ಖುಷಿಯಲ್ಲಿ ಪುಟ್ಟೋಜಿ, ಹೊಸ ಗಿರಾಕಿಗಳಿಗೆ ರುಚಿ ಹತ್ತಿಸುವ ಅಭ್ಯಾಸಬಲದಿಂದ, ಪೆಟ್ಟಿಗೆಯ ಮಾಲಿಗೆ ಸೇರಿಸದೆ ಜೇಬಿನಲ್ಲೇ ಬೇರೆ ಇಟ್ಟಿದ್ದ ಮಾದರಿ ಚುಟ್ಟಾ ತೆಗೆದು ಇನ್ಸ್‌ಪೆಕ್ಟರ ಬಾಯಿಗಿಟ್ಟು ಕಡ್ಡಿ ಗೀರಿದ.

ಇನ್ಸ್‌ಪೆಕ್ಟರು ಕಣ್ಣುಮುಚ್ಚಿ ಉದ್ದಕ್ಕೆ ಒಂದು ದಮ್ಮು ಎಳೆದರು.

“ಅಪ್ಪಟ ಹೊಗೆಸೊಪ್ಪು ಕಣಯ್ಯಾ! ನಡಿ, ಠಾಣೆಗೆ ಹೋಗೋಣ.”